ಸಬ್‌ವೂಫರ್ ಎಷ್ಟು ವ್ಯಾಟ್‌ನದಿರಬೇಕು?

ಪ್ರಶ್ನೆ: ಗೋಣಿಕೊಪ್ಪದ ಬಳಿ ಹೊಸ ಮನೆ ಕಟ್ಟಿಸಿದ್ದೇವೆ. ಹಾಲ್ 16 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಎತ್ತರವಿದೆ. 12ಕ್ಕೆ 10 ಅಡಿಯ ಊಟದ ಕೋಣೆಗೂ ಅದಕ್ಕೂ ನಡುವೆ ಗೋಡೆಯಿಲ್ಲ. ಹೋಂ ಥಿಯೇಟರ್‌ಗೆ ಎಷ್ಟು ವ್ಯಾಟ್‌ನ ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ತೆಗೆದುಕೊಳ್ಳಬೇಕು?

ಉತ್ತರ: ಮಡಿಕೇರಿಯವರಾಗಲಿ ಕುಶಾಲನಗರದವರಾಗಲಿ, ನನ್ನನ್ನು ಮೊದಲು ಕೇಳುವುದು ‘ಎಷ್ಟು ವ್ಯಾಟ್’ ಎಂದೇ. ‘ಹಾಲ್‌ಗೆ ಬಾಗಿಲಿದೆಯೇ’ ಎಂದು ನಾನು ಮರಳಿ ಕೇಳಿದರೆ, ಉತ್ತರ ತಿಳಿಯದೆ ಜಾರಿಕೊಳ್ಳುತ್ತಿದ್ದಾನೆ ಎಂದುಕೊಂಡವರೂ ಇದ್ದಾರೆ. ನೀವು ಕೇಳದೆಯೇ ಗೋಡೆಯ ವಿಷಯ ತಿಳಿಸಿದ್ದೀರಿ. ನಿಮ್ಮ ಉತ್ತರದ ಅರ್ಧ ಭಾಗ ಅದರಲ್ಲೇ ಇದೆ. ಆದರೆ ವ್ಯಾಟ್‌ನ ಭೂತವನ್ನು ಬಿಡಿಸದೆ ಮುಂದೆ ಹೋದರೆ, ಅಂಗಡಿಗೆ ಕಾಲಿಟ್ಟ ಕೂಡಲೇ ಅದು ನಿಮ್ಮನ್ನು ಮತ್ತೆ ಹಿಡಿದುಕೊಳ್ಳುತ್ತದೆ.

ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘5000 ವ್ಯಾಟ್ ಪಿಎಂಪಿಒ’ (ಕ್ಷಣಮಾತ್ರಕ್ಕೆ ಕೊಡಬಲ್ಲ ಗರಿಷ್ಠ ಶಕ್ತಿ) ಎಂದು ಮುದ್ರಿಸಿರುವುದನ್ನು ನೀವು ನೋಡಿರುತ್ತೀರಿ. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಹೂಮಳೆ ಕೈಕೊಟ್ಟಾಗ ಕೆರೆಯಿಂದ ನೀರೆತ್ತಿ ಕಾಫಿ ತೋಟಕ್ಕೆ ಹೊಡೆಯುವ 5 ಎಚ್‌ಪಿ ಮೋಟಾರ್ ಕೂಡ ಸುಮಾರು 3,700 ವ್ಯಾಟ್‌ನದು. ಮೂರು ಫೇಸ್ ಕರೆಂಟ್ ಬೇಡುವ ಆ ಮೋಟಾರಿಗಿಂತ ಹೆಚ್ಚಿನ ಶಕ್ತಿಯನ್ನು, ಮೊಬೈಲ್ ಚಾರ್ಜರ್ ಪಕ್ಕದ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದ ಮರದ ಪೆಟ್ಟಿಗೆಯೊಂದು ಹೊಮ್ಮಿಸುತ್ತದೆ ಎಂದು ನಂಬುವ ಮೊದಲು ಅದನ್ನು ತಿರುಗಿಸಿ ಹಿಂಬದಿಯ ಚೀಟಿಯನ್ನು ಓದಬೇಕು. ಅಲ್ಲಿ ‘230 ವೋಲ್ಟ್, 60 ವ್ಯಾಟ್’ ಎಂಬಂಥ ಬರಹ ಇರುತ್ತದೆ. ಗೋಡೆಯಿಂದ 60 ವ್ಯಾಟ್ ಎಳೆಯುವ ಸಾಧನ ಒಂದು ಕ್ಷಣದ ಮಟ್ಟಿಗೆ, ತನ್ನೊಳಗಿನ ಕೆಪಾಸಿಟರ್‌ಗಳಲ್ಲಿ ಕೂಡಿಟ್ಟ ಶಕ್ತಿಯಿಂದ ಹೆಚ್ಚು ಕೊಟ್ಟೀತು, ಆದರೆ ನಿರಂತರವಾಗಿ ಕೊಡಲಾರದು. ಪಿಎಂಪಿಒ ಎಂಬ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಬರೆದವರ ಧೈರ್ಯವೇ ಅದರ ಅಳತೆ.

‘ಹಾಗಾದರೆ ಆರ್‌ಎಂಎಸ್ ವ್ಯಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ, ನೋಡಿದರೆ ಸಾಕಲ್ಲವೇ’ ಎಂದು ಸ್ವಲ್ಪ ತಿಳಿದವರು ಕೇಳುತ್ತಾರೆ. ಅದು ಪ್ರಾಮಾಣಿಕ ಸಂಖ್ಯೆಯೇ, ಆದರೆ ಸಬ್‌ವೂಫರ್ ಆರಿಸಲು ಅದೂ ಸಾಲದು. ವ್ಯಾಟ್ ಎಂಬುದು ಆಂಪ್ಲಿಫೈಯರ್ ಕೊಡುವ ಶಕ್ತಿಯ ಅಳತೆ, ಶಬ್ದದ ಅಳತೆಯಲ್ಲ. 100 ವ್ಯಾಟ್ ಇದ್ದದ್ದು 200 ಆದರೆ ಶಬ್ದದಲ್ಲಿ ಹೆಚ್ಚುವುದು ಕೇವಲ 3 ಡೆಸಿಬಲ್, ಕಿವಿಗೆ ಸ್ವಲ್ಪವೇ ಗೊತ್ತಾಗುವಷ್ಟು. ಹೆಚ್ಚು ಸಂವೇದನೆಯುಳ್ಳ, ಅಂದರೆ ಅಷ್ಟೇ ಶಕ್ತಿಗೆ ಹೆಚ್ಚು ಶಬ್ದ ಕೊಡುವ ಸ್ಪೀಕರ್ 100 ವ್ಯಾಟ್‌ನಲ್ಲೇ ಅಷ್ಟು ಶಬ್ದ ಕೊಡಬಲ್ಲದು. ಅದಕ್ಕಿಂತ ಮುಖ್ಯವಾದದ್ದು ಗಾಳಿಯ ಲೆಕ್ಕ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅದು ಇಳಿದಷ್ಟೂ ಸ್ವರ ತಗ್ಗು. ಅಷ್ಟೇ ಜೋರಿನ ಸ್ವರವನ್ನು 40 ಹರ್ಟ್ಸ್‌ನಿಂದ 20 ಹರ್ಟ್ಸ್‌ಗೆ ಇಳಿಸಬೇಕಾದರೆ ಸ್ಪೀಕರ್‌ನ ಕೋನ್, ಅಂದರೆ ಕಂಪಿಸುವ ಶಂಕುವಿನಾಕಾರದ ಭಾಗ, ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. 6 ಇಂಚಿನ ಕೋನ್ ಅಷ್ಟು ದೂರ ಹಿಂದೆ ಮುಂದೆ ಚಲಿಸಲಾರದು. ಅದಕ್ಕೆ ಸಾವಿರ ವ್ಯಾಟ್ ಊಡಿಸಿದರೆ ಬೇಸ್ ಬಾರದು, ಸುಟ್ಟ ವಾಸನೆ ಬರುತ್ತದೆ. ಸ್ಪೀಕರ್ ತಯಾರಿಸುವ ಅಮೆರಿಕದ ಕೆಎಲ್‌ಎಚ್ ಸಂಸ್ಥೆಯನ್ನು 1957ರಲ್ಲಿ ಕಟ್ಟಿದ ಮೂವರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮವೇ ಇದೆ: ಆಳವಾದ ಬೇಸ್, ಚಿಕ್ಕ ಪೆಟ್ಟಿಗೆ, ಕಡಿಮೆ ಶಕ್ತಿಯಲ್ಲಿ ಹೆಚ್ಚು ಶಬ್ದ, ಈ ಮೂರರಲ್ಲಿ ಎರಡು ಮಾತ್ರ ನಿಮಗೆ ದಕ್ಕುತ್ತವೆ. ಮೂರನ್ನೂ ಕೊಡುತ್ತೇನೆ ಎನ್ನುವವನು ಮಾರಾಟಗಾರ.

ಈಗ ನಿಮ್ಮ ಹಾಲ್‌ಗೆ ಬರೋಣ. ಬೇಸ್‌ಗೆ ಹಾಲ್ ಎಲ್ಲಿ ಮುಗಿಯುತ್ತದೆಂದು ತಿಳಿಯದು. ಗೋಡೆಯಿಲ್ಲದ ಊಟದ ಕೋಣೆಯನ್ನೂ ಅದು ತುಂಬಬೇಕು. ಹಾಲ್‌ನ 2,240 ಘನ ಅಡಿಗೆ ಅಲ್ಲಿಯ 1,200 ಸೇರಿದರೆ 3,440 ಘನ ಅಡಿ. ಇಷ್ಟು ಜಾಗಕ್ಕೆ 12 ಇಂಚಿನ, ಗಾಳಿಕಿಂಡಿಯುಳ್ಳ, ಅಂದರೆ ಪೋರ್ಟೆಡ್ ಮಾದರಿಯ ಸಬ್‌ವೂಫರನ್ನು ನಾನು ಹೇಳುತ್ತೇನೆ. ಬಾಗಿಲು ಮುಚ್ಚುವ 12ಕ್ಕೆ 12 ಅಡಿಯ ಕೋಣೆಯಾಗಿದ್ದರೆ 10 ಇಂಚಿನ ಸೀಲ್ಡ್, ಅಂದರೆ ಕಿಂಡಿಯಿಲ್ಲದೆ ಮುಚ್ಚಿದ ಪೆಟ್ಟಿಗೆ ಸಾಕಾಗುತ್ತಿತ್ತು. ಸಬ್‌ವೂಫರ್‌ಗಳನ್ನು ಅಳೆಯುವ ‘ಸಿಇಎ-2010’ ಎಂಬ ಪ್ರಮಾಣಿತ ವಿಧಾನದಲ್ಲಿ ಅಳೆದ ಅಂಕಿಗಳು ಆ ಮಾದರಿಗೆ ಸಿಗುತ್ತವೆಯೇ ಎಂದು ಹುಡುಕಿ. 20, 25, 31.5 ಹರ್ಟ್ಸ್‌ಗಳಲ್ಲಿ ಸ್ವರ ಮಿತಿಮೀರಿ ಒಡೆಯದಂತೆ ಎಷ್ಟು ಡೆಸಿಬಲ್ ಬರುತ್ತದೆ ಎಂಬುದನ್ನು ಅವು ಹೇಳುತ್ತವೆ. ಎರಡು ಮಾದರಿಗಳನ್ನು ಹೋಲಿಸಲು ಅದಕ್ಕಿಂತ ನಂಬಿಕೆಯ ಆಧಾರ ನನಗೆ ಸಿಕ್ಕಿಲ್ಲ.

ಇಡುವ ಜಾಗವನ್ನು ಟಿವಿ ಸ್ಟ್ಯಾಂಡ್ ನಿರ್ಧರಿಸಬಾರದು. ಎದುರುಬದುರು ಗೋಡೆಗಳ ನಡುವೆ 16 ಅಡಿ ಇದ್ದರೆ 35 ಹರ್ಟ್ಸ್ ಆಸುಪಾಸಿನ ಸ್ವರ ಗೋಡೆಗಳ ಬಳಿ ಉಬ್ಬಿ, ನಟ್ಟನಡುವೆ ಬತ್ತಿಹೋಗುತ್ತದೆ. ಆ ಬತ್ತಿದ ಜಾಗದಲ್ಲಿ ಸೋಫಾ ಹಾಕಿಕೊಂಡು ‘ಬೇಸೇ ಇಲ್ಲ’ ಎಂದು ಇನ್ನೂ ದೊಡ್ಡ ಸಬ್‌ವೂಫರ್ ತಂದವರ ಮನೆಗೆ ಹೋಗಿ, ಸೋಫಾವನ್ನು ಎರಡು ಅಡಿ ಹಿಂದೆ ಸರಿಸಿ ಬಂದಿದ್ದೇನೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಹೆಚ್ಚಿರುವ ಹಾಡೊಂದನ್ನು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಟ್ಟು ಕೇಳುತ್ತ ಹೋಗಿ. ಎಲ್ಲಿ ಸ್ವರ ಹದವಾಗಿ ಕೇಳಿಸುತ್ತದೆಯೋ ಅದೇ ಅದರ ಜಾಗ. ನೆಂಟರು ನಕ್ಕರೆ ನಗಲಿ. ಸ್ಪೀಕರ್‌ಗಳನ್ನೆಲ್ಲ ನಡೆಸುವ ರಿಸೀವರ್‌ನಲ್ಲಿ ಕ್ರಾಸ್‌ಓವರನ್ನು, ಅಂದರೆ ಯಾವ ಸ್ವರಕ್ಕಿಂತ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಸ್‌ಗೆ ಇಟ್ಟು ಆರಂಭಿಸಿ.

ನೀವು ಕೇಳದಿದ್ದರೂ ಜೂನ್ ತಿಂಗಳಲ್ಲಿ ಕೇಳಲಿರುವ ಪ್ರಶ್ನೆಯೊಂದಿದೆ: ಹಾಲ್‌ನ ಮೇಲೆ ಶೀಟ್ ಹೊದಿಸಿದ್ದೇವೆ, ಮಳೆ ಹೊಡೆದಾಗ ಸಿನಿಮಾ ಕೇಳಿಸುವುದಿಲ್ಲ, ಇನ್ನೊಂದು ಸಬ್‌ವೂಫರ್ ಬೇಕೇ? ಬೇಡ. ಶೀಟಿನ ಮೇಲಿನ ಮಳೆ ನುಂಗುವುದು ಮುಖ್ಯವಾಗಿ ಮಾತಿನ ‘ಸ’, ‘ತ’, ‘ಚ’ಗಳಂಥ ವ್ಯಂಜನಗಳನ್ನು, ಅವು 2,000 ಹರ್ಟ್ಸ್‌ಗಿಂತ ಮೇಲಿನ ಸದ್ದುಗಳು, ಸಬ್‌ವೂಫರ್‌ನ ಗಡಿಯಿಂದ ಬಹಳ ದೂರ. ಮಾತು ಕೇಳಿಸದೆ ಎಲ್ಲದರ ವಾಲ್ಯೂಮನ್ನೂ ಏರಿಸಿದಾಗ ಬೇಸ್ ಮಾತ್ರ ಮನೆಯ ಕಿಟಕಿ ಗಾಜುಗಳನ್ನು ಅಲ್ಲಾಡಿಸತೊಡಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮಾತು ಹೊಮ್ಮುವ ನಡುವಿನ ಸೆಂಟರ್ ಸ್ಪೀಕರನ್ನು 3 ಡೆಸಿಬಲ್ ಏರಿಸಿ, ಸಬ್‌ವೂಫರನ್ನು ಅಷ್ಟೇ ಇಳಿಸಿ ನೋಡಿ. ಕೈಯಲ್ಲಿ ಹಣ ಉಳಿದಿದ್ದರೆ ಒಳ್ಳೆಯ ಸೆಂಟರ್ ಸ್ಪೀಕರ್ ತನ್ನಿ, ಇಲ್ಲವೇ ಶೀಟಿನ ಕೆಳಗೆ ಸೀಲಿಂಗ್ ಹಾಕಿಸಿ.