ಹೆಣದ ಹೂವು ಮತ್ತೆ ಯಾವಾಗ ಅರಳುತ್ತದೆ?

ಪ್ರಶ್ನೆ: ಹೆಣದ ನಾತ ಬೀರುವ ದೈತ್ಯ ಹೂವು ಟೈಟಾನ್ ಆರಂ ಏಳು ವರ್ಷಕ್ಕೊಮ್ಮೆ ಅರಳುತ್ತದಂತೆ. ಮಗಳ ಮನೆ ಎಡಿನ್‌ಬರೊದಲ್ಲಿದೆ, ಅಲ್ಲಿನ ಉದ್ಯಾನದಲ್ಲಿ ಈ ಗಿಡವೂ ಇದೆ. ಮುಂದಿನ ಸಲ ಯಾವ ವರ್ಷ ಅಂತ ಲೆಕ್ಕ ಹಾಕಿ ಹೇಳಿದರೆ ಟಿಕೆಟ್ ಅದಕ್ಕೆ ಹೊಂದಿಸಿಕೊಳ್ಳುತ್ತೇವೆ.

ಉತ್ತರ: ಲೆಕ್ಕ ಹಾಕಲು ಬರುವುದಿಲ್ಲ. ಹೂವನ್ನು ನಂಬಿ ಆರು ತಿಂಗಳು ಮುಂಚೆ ಟಿಕೆಟ್ ಮಾಡಿಸಬೇಡಿ. ಇದೇ ಪ್ರಶ್ನೆ ಎಷ್ಟು ರೂಪದಲ್ಲಿ ಬರುತ್ತದೆಂದರೆ, ಒಬ್ಬರು ಏಳು ವರ್ಷ ಎನ್ನುತ್ತಾರೆ, ಇನ್ನೊಬ್ಬರು ಒಂಬತ್ತು, ಮತ್ತೊಬ್ಬರು ನಲವತ್ತು. ಸರಿಯಾದ ಸಂಖ್ಯೆ ಯಾವುದು ಹೇಳಿ ಎಂದು ಕೇಳುತ್ತಾರೆ. ಸರಿಯಾದ ಸಂಖ್ಯೆ ಎಂಬುದೇ ಇಲ್ಲ. ಈ ಗಿಡ ವರ್ಷ ಎಣಿಸುವುದಿಲ್ಲ.

ನೀವು ಕೇಳಿದ ಗಿಡವನ್ನೇ ನೋಡೋಣ. ಎಡಿನ್‌ಬರೊದ ರಾಯಲ್ ಬಟಾನಿಕ್ ಗಾರ್ಡನ್‌ನಲ್ಲಿರುವ ಅದಕ್ಕೆ ‘ನ್ಯೂ ರೀಕಿ’ ಎಂದು ಹೆಸರಿಟ್ಟಿದ್ದಾರೆ. ನೆದರ್ಲೆಂಡ್ಸ್‌ನ ಲೈಡನ್‌ನಿಂದ ಬಂದಾಗ ಗಡ್ಡೆ ಒಂದು ಕಿತ್ತಳೆ ಹಣ್ಣಿನಷ್ಟಿತ್ತು. 2010ರಲ್ಲಿ ಕುಂಡ ಬದಲಿಸುವಾಗ ತೂಗಿದರೆ 153.9 ಕಿಲೊ. ಅಲ್ಲಿಯವರೆಗೆ ತೂಗಿದ ಗಡ್ಡೆಗಳಲ್ಲೆಲ್ಲ ಅದೇ ದೊಡ್ಡದು. ಅಷ್ಟು ದಪ್ಪವಾದ ಮೇಲೂ ಅದು ಐದು ವರ್ಷ ಎಲೆ ಬಿಟ್ಟುಕೊಂಡೇ ಇತ್ತು. ಮೊದಲ ಹೂವು 2015ರಲ್ಲಿ ಬಂತು, ನೆಟ್ಟು ಸುಮಾರು ಹನ್ನೆರಡು ವರ್ಷಕ್ಕೆ. ಆಮೇಲೆ 2017, 2019, 2022. ಹನ್ನೆರಡು, ಎರಡು, ಎರಡು, ಮೂರು. ಇದರಲ್ಲಿ ಏಳು ಎಲ್ಲಿದೆ?

ಆದರೂ ಆ ಏಳು ಗಾಳಿಯಿಂದ ಬಂದದ್ದಲ್ಲ. ಬೀಜ ಬಿತ್ತಿದ ಗಿಡ ಮೊದಲ ಸಲ ಹೂ ಬಿಡಲು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ಹಿಡಿಯುತ್ತದೆ. ಇದು ನಿಜ. ‘ಮೊದಲ ಹೂವಿಗೆ ಏಳು ವರ್ಷ’ ಎಂಬುದು ಬಾಯಿಂದ ಬಾಯಿಗೆ ಹೋಗುತ್ತ ‘ಏಳು ವರ್ಷಕ್ಕೊಂದು ಹೂವು’ ಆಯಿತು. ತೆಂಗು ಏಳನೇ ವರ್ಷಕ್ಕೆ ಫಲಕ್ಕೆ ಬಂತು ಎಂದರೆ ಏಳು ವರ್ಷಕ್ಕೊಮ್ಮೆ ಕಾಯಿ ಬಿಡುತ್ತದೆ ಎಂದು ನಾವು ಯಾರೂ ತಿಳಿಯುವುದಿಲ್ಲ. ಈ ಗಿಡದ ವಿಷಯದಲ್ಲಿ ಮಾತ್ರ ಹಾಗೆ ತಿಳಿದುಬಿಟ್ಟಿದ್ದೇವೆ.

ನಲವತ್ತರ ಕಥೆ ಬೇರೆ. ಇಟಲಿಯ ಸಸ್ಯವಿಜ್ಞಾನಿ ಒಡೊಆರ್ಡೊ ಬೆಕ್ಕಾರಿ 1878ರಲ್ಲಿ ಸುಮಾತ್ರಾದಲ್ಲಿ ಈ ಗಿಡ ಕಂಡು ಬೀಜಗಳನ್ನು ಊರಿಗೆ ಕಳಿಸಿದರು. ಅದರಿಂದ ಎದ್ದ ಒಂದು ಸಸಿ ಲಂಡನ್ನಿನ ಕ್ಯೂ ಉದ್ಯಾನ ಸೇರಿ 1889ರಲ್ಲಿ ಅರಳಿತು. ಕ್ಯೂನಲ್ಲಿ ಮತ್ತೆ ಈ ಹೂವು ಕಂಡದ್ದು 1926ರಲ್ಲಿ. ಜನ ಎಷ್ಟು ನುಗ್ಗಿದರೆಂದರೆ ಪೊಲೀಸರನ್ನು ಕರೆಸಬೇಕಾಯಿತು. ನಡುವಿನ ಅಂತರ 37 ವರ್ಷ. ಆಗ ಇಡೀ ಯುರೋಪಿನಲ್ಲಿ ಇಂಥ ಗಿಡ ಬೆರಳೆಣಿಕೆಯಷ್ಟಿದ್ದವು, ಅವನ್ನು ಸಾಕುವ ರೀತಿಯೂ ಗೊತ್ತಿರಲಿಲ್ಲ. ಆ 37 ವರ್ಷ ಹೇಳುವುದು ಸಾಕುವವರ ಕಷ್ಟವನ್ನು. ಗಿಡದ ಸ್ವಭಾವಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯ ಗೊಂದಲ ಈಚಿನದು, ಹೆಚ್ಚು ಜನರನ್ನು ದಾರಿ ತಪ್ಪಿಸುವುದೂ ಇದೇ. 2025ರ ಜನವರಿ 23ರಂದು ಸಿಡ್ನಿಯ ರಾಯಲ್ ಬಟಾನಿಕ್ ಗಾರ್ಡನ್‌ನಲ್ಲಿ ‘ಪುಟ್ರಿಶಿಯ’ ಅರಳಿದಾಗ, ‘ಹದಿನೈದು ವರ್ಷದ ಮೇಲೆ ಅರಳಿದ ಹೂವು’ ಎಂದು ಸುದ್ದಿಯಾಯಿತು. ಹದಿನೈದು ವರ್ಷದ ಲೆಕ್ಕ ಉದ್ಯಾನದ್ದು. ಆ ಉದ್ಯಾನದಲ್ಲಿ ಹದಿನೈದು ವರ್ಷದಿಂದ ಯಾವ ಟೈಟಾನ್ ಆರಂ ಕೂಡ ಅರಳಿರಲಿಲ್ಲ, ಅಷ್ಟೇ. ಅದರ ಹಿಂದುಮುಂದೆಯೇ, 2024ರ ನವೆಂಬರ್‌ನಲ್ಲಿ ಜೀಲಾಂಗ್‌ನಲ್ಲೂ 2025ರ ಫೆಬ್ರುವರಿಯಲ್ಲಿ ಕ್ಯಾನ್‌ಬೆರಾದಲ್ಲೂ ಒಂದೊಂದು ಅರಳಿದವು. ಒಂದೇ ದೇಶದಲ್ಲಿ ನಾಲ್ಕು ತಿಂಗಳೊಳಗೆ ಮೂರು. ಸುದ್ದಿ ಓದುವಾಗ ‘ಎಷ್ಟು ವರ್ಷದ ಮೇಲೆ’ ಎಂಬ ಮಾತು ಕಂಡರೆ, ಯಾರ ಲೆಕ್ಕ ಎಂದು ಕೇಳಿಕೊಳ್ಳಿ: ಈ ಗಡ್ಡೆಯದೋ, ಈ ಉದ್ಯಾನದ್ದೋ, ಈ ದೇಶದ್ದೋ.

ನಮ್ಮವರಿಗೆ ಈ ನಂಬಿಕೆ ಬೇಗ ಅಂಟಿಕೊಳ್ಳಲು ಇನ್ನೊಂದು ಕಾರಣ ನೀಲಕುರಿಂಜಿ. ಅದು ನಿಜವಾಗಿಯೂ ವರ್ಷ ಎಣಿಸುವ ಗಿಡ. ಮುನ್ನಾರ್‌ನ ಬೆಟ್ಟಗಳಲ್ಲಿ 1994, 2006, 2018ರಲ್ಲಿ ಇಡೀ ಗುಡ್ಡ ಒಟ್ಟಿಗೇ ಹೂಬಿಟ್ಟಿತು. ಹೂಬಿಟ್ಟ ಗಿಡ ಬೀಜ ಉದುರಿಸಿ ಸಾಯುತ್ತದೆ. ಬಿದಿರೂ ಹೀಗೆಯೇ ಹಿಂಡಾಗಿ ಹೂಬಿಟ್ಟು ಸಾಯುತ್ತದೆ. ಟೈಟಾನ್ ಆರಂ ಹೂಬಿಟ್ಟ ಮೇಲೂ ಬದುಕುತ್ತದೆ. ಒಂದೇ ಗಾಜಿನ ಮನೆಯಲ್ಲಿ ಅಕ್ಕಪಕ್ಕ ಕೂತ ಎರಡು ಗಡ್ಡೆಗಳಲ್ಲಿ ಒಂದು ಅರಳಿದರೆ ಇನ್ನೊಂದು ಎಲೆ ಬಿಡಬಹುದು. ಕುರಿಂಜಿಯ ಪಂಚಾಂಗವನ್ನು ಇದಕ್ಕೆ ಹಚ್ಚಬಾರದು.

ಹಾಗಾದರೆ ಅದು ಏನನ್ನು ನೋಡಿ ಅರಳುತ್ತದೆ? ಕಣಜವನ್ನು. ನೆಲದೊಳಗಿನ ಗಡ್ಡೆಯೇ ಆ ಕಣಜ. ಪ್ರತಿ ಸರದಿಯಲ್ಲೂ ಅದು ಒಂದೇ ಒಂದು ಎಲೆ ಬಿಡುತ್ತದೆ. ನೋಡುವವರು ಅದನ್ನು ಮರ ಎಂದೇ ತಿಳಿಯುತ್ತಾರೆ, ಏಕೆಂದರೆ ದೊಡ್ಡ ಗಡ್ಡೆಯ ಎಲೆ ಆರು ಮೀಟರ್ ಎತ್ತರ, ಐದು ಮೀಟರ್ ಅಗಲದವರೆಗೂ ಹೋಗುತ್ತದೆ. ಕಾಂಡದ ಹಾಗೆ ಕಾಣುವುದು ಎಲೆಯ ತೊಟ್ಟು. ಈ ಎಲೆ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ನಿಂತು, ಬಿಸಿಲು ಉಂಡು, ಕಣಜ ತುಂಬಿ, ಬಾಡಿ ಬೀಳುತ್ತದೆ. ಆಮೇಲೆ ಕೆಲವು ತಿಂಗಳು ಗಡ್ಡೆ ಮಲಗುತ್ತದೆ. ಎದ್ದಾಗ ಮತ್ತೆ ಎಲೆಯೋ ಹೂವೋ ಎಂಬುದು ಕೂಡಿಟ್ಟದ್ದರ ಮೇಲೆ ಬಹಳಮಟ್ಟಿಗೆ ನಿಂತಿದೆ. ಹದಿನೈದು ಇಪ್ಪತ್ತು ಕಿಲೊ ದಾಟದ ಗಡ್ಡೆಯಿಂದ ಹೂವು ಕಾಯುವುದು ಸಾಮಾನ್ಯವಾಗಿ ವ್ಯರ್ಥ. ದಾಟಿದ್ದಕ್ಕೆ ಖಾತರಿಯೂ ಇಲ್ಲ, ಎಡಿನ್‌ಬರೊದ 153 ಕಿಲೊ ಅದಕ್ಕೇ ಸಾಕ್ಷಿ. ಜರ್ಮನಿಯ ಬಾನ್ ಉದ್ಯಾನದಲ್ಲಿ 2006ರಲ್ಲಿ ಒಂದೇ ಗಡ್ಡೆಯಿಂದ ಮೂರು ಹೂವು ಎದ್ದವು. ಬೆಳಕು, ಗೊಬ್ಬರ, ಬೆಚ್ಚಗಿನ ರಾತ್ರಿ, ದೊಡ್ಡ ಕುಂಡ ಸಿಕ್ಕ ಗಡ್ಡೆ ಎರಡು ಮೂರು ವರ್ಷಕ್ಕೇ ಮತ್ತೆ ಅರಳುತ್ತದೆ. ಕೊಳೆರೋಗವೋ ಬೇರುಗಂಟು ಹುಳುವೋ ತಗಲಿದರೆ ಹೂವಿನ ಮಾತು ಬಿಡಿ, ಗಡ್ಡೆಯೇ ಉಳಿಯುವುದಿಲ್ಲ. ಹೆಚ್ಚಿನ ಗಡ್ಡೆಗಳು ಕೆಡುವುದು ಮಲಗಿದ ಕಾಲದಲ್ಲಿ ನೀರು ಹೆಚ್ಚಾಗಿ, ಇಲ್ಲವೇ ಕುಂಡ ಬದಲಿಸುವಾಗ ಆದ ಗಾಯದಿಂದ.

ವರ್ಷ ಹೇಳಲಾಗದಿದ್ದರೂ ದಿನವನ್ನು ಸುಮಾರಾಗಿ ಹೇಳಬಹುದು, ಅದಕ್ಕೆ ಒಂದು ಅಳತೆಪಟ್ಟಿ, ಬರೆದಿಡಲು ಒಂದು ಪುಸ್ತಕ ಸಾಕು. ಮೊಳಕೆ ಕಂಡ ಮೊದಲ ವಾರಗಳಲ್ಲಿ ಎಲೆಯೋ ಮೊಗ್ಗೋ ಎಂದು ಅನುಭವಿಗಳಿಗೂ ಗೊತ್ತಾಗುವುದಿಲ್ಲ. ಎಲೆಯಾದರೆ ಮೊಳಕೆ ಸಪೂರ, ನೆಟ್ಟಗೆ ಏಳುತ್ತದೆ. ಮೊಗ್ಗಾದರೆ ಬುಡದ ಮೇಲೆ ಹೊಟ್ಟೆ ಬಂದಂತೆ ಉಬ್ಬುತ್ತದೆ, ಹೊರಪೊರೆ ಸರಿದಾಗ ಒಳಗೆ ನೆರಿಗೆ ನೆರಿಗೆಯಾದ ಮುಸುಕು, ಅಂದರೆ ಹೂವನ್ನು ಸುತ್ತಿದ ದಳದಂಥ ಹಾಳೆ, ಕಾಣುತ್ತದೆ. ನೆರಿಗೆ ಕಂಡ ಮೇಲೆ ಅನುಮಾನವಿಲ್ಲ. ಮೊಳಕೆಯಿಂದ ಅರಳುವವರೆಗೆ ಸುಮಾರು ಒಂದೂವರೆ ಎರಡು ತಿಂಗಳು. ಉದ್ಯಾನಗಳು ಸುದ್ದಿ ಹೊರಗೆ ಬಿಡುವುದು ಮೊಗ್ಗೆಂದು ಖಾತ್ರಿಯಾದ ಮೇಲೆ, ಆದ್ದರಿಂದ ನಿಮ್ಮ ಕೈಗೆ ಸಿಗುವುದು ಕೆಲವೇ ವಾರ.

ಈಗ ಅಳತೆಪಟ್ಟಿ. ದಿನಾ ಒಂದೇ ಹೊತ್ತಿಗೆ, ಮಣ್ಣಿನಿಂದ ತುದಿಯವರೆಗೆ ಅಳೆಯುತ್ತಾರೆ. ಏರುವ ಕಾಲದಲ್ಲಿ ದಿನಕ್ಕೆ ಹತ್ತು ಸೆಂಟಿಮೀಟರ್, ಕೆಲವೊಮ್ಮೆ ಹದಿನೈದು. ಹೆಚ್ಚಿನವರು ಈ ಏರಿಕೆ ಕಂಡು ‘ನಾಳೆಯೇ ಅರಳುತ್ತದೆ’ ಎಂದು ಓಡಿಬರುತ್ತಾರೆ. ಓಡಬೇಕಾದದ್ದು ಏರಿಕೆ ನಿಂತಾಗ. ಹತ್ತು, ಹನ್ನೊಂದು, ಹತ್ತು ಇದ್ದದ್ದು ಏಳು, ನಾಲ್ಕು, ಎರಡಕ್ಕೆ ಇಳಿಯಿತೆಂದರೆ ಹೂವು ಕೆಲವೇ ದಿನ ದೂರದಲ್ಲಿದೆ. ಜತೆಗೆ ಬುಡದ ಹೊರಪೊರೆಗಳು ಬಾಡಿ ಕಳಚುತ್ತವೆ, ಮುಸುಕಿನ ಅಂಚಿನಲ್ಲಿ ಬೀಟ್‌ರೂಟ್ ಬಣ್ಣ ಇಣುಕುತ್ತದೆ, ಹೂವಿನ ನಡುವಿನ ಉದ್ದ ದಿಂಡಿಗೆ ಬಿಗಿಯಾಗಿ ಸುತ್ತಿಕೊಂಡಿದ್ದ ನೆರಿಗೆ ಸಡಿಲವಾಗುತ್ತದೆ. ಈ ಮೂರೂ ಕಂಡ ದಿನ ಮಧ್ಯಾಹ್ನದ ಮೇಲೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಮುಸುಕು ಬಿಡಿಸಿಕೊಳ್ಳಲು ತೊಡಗುವುದು ಸಾಮಾನ್ಯವಾಗಿ ಮಧ್ಯಾಹ್ನ ಇಳಿದ ಮೇಲೆ. ರಾತ್ರಿಯ ಹೊತ್ತಿಗೆ ಪೂರಾ ತೆರೆದಿರುತ್ತದೆ. ನಾತ ಜೋರಾಗಿರುವುದೂ ಆ ಮೊದಲ ರಾತ್ರಿಯೇ. ನಡುವಿನ ದಿಂಡು ನಮ್ಮ ಮೈಯಷ್ಟೇ ಬಿಸಿಯಾಗುತ್ತದೆ, ಸುಮಾರು 36 ಡಿಗ್ರಿ. ಆ ಬಿಸಿ ವಾಸನೆಯನ್ನು ಮೇಲಕ್ಕೆತ್ತಿ ದೂರಕ್ಕೆ ಕಳಿಸುತ್ತದೆ. ನಾತ ಅಲೆ ಅಲೆಯಾಗಿ ಬರುವುದರಿಂದ ಎರಡು ನಿಮಿಷ ನಿಂತು ‘ಏನೂ ಇಲ್ಲವಲ್ಲ’ ಎಂದು ಹೊರಡಬೇಡಿ. ಕೊಳೆತ ಈರುಳ್ಳಿಯ ಹಾಗೆ ಬರುವುದು ಗಂಧಕದ ಸಂಯುಕ್ತ ಡೈಮೀಥೈಲ್ ಟ್ರೈಸಲ್ಫೈಡ್, ಹಳಸಿದ ಮೀನಿನ ಹಾಗೆ ಬರುವುದು ಟ್ರೈಮೀಥೈಲಮೈನ್, ಬೆವರಿದ ಕಾಲುಚೀಲದ ವಾಸನೆ ಐಸೊವ್ಯಾಲರಿಕ್ ಆಮ್ಲದ್ದು. ಇದೆಲ್ಲ ಹೆಣಕ್ಕೆ ಮುತ್ತುವ ದುಂಬಿ, ನೊಣಗಳನ್ನು ಕರೆಯಲು. ಗಿಡ ಅವನ್ನು ತಿನ್ನುವುದಿಲ್ಲ, ಮೈಮೇಲೆ ಪರಾಗ ಹೊರಿಸಿ ಕಳಿಸುತ್ತದೆ. ಮೊದಲ ರಾತ್ರಿ ದಿಂಡಿನ ಬುಡದ ಹೆಣ್ಣು ಹೂಗಳು ಸಿದ್ಧ; ಅವುಗಳ ಮೇಲಿನ ಗಂಡು ಹೂಗಳು ಪರಾಗ ಬಿಡುವುದು ಮರುದಿನ. ತನ್ನ ಪರಾಗ ತನಗೇ ಬೀಳದಿರಲು ಈ ಏರ್ಪಾಡು. ಒಂದೆರಡು ದಿನದಲ್ಲಿ ಮುಸುಕು ಮುಚ್ಚಿಕೊಂಡು, ದಿಂಡು ಕುಸಿಯುತ್ತದೆ. ಮರುದಿನ ಬೆಳಿಗ್ಗೆ ಹೋದರೆ ಕಣ್ಣಿಗೆ ಹಬ್ಬ ಉಳಿದಿರುತ್ತದೆ, ಮೂಗಿಗೆ ಅಷ್ಟಿಲ್ಲ.

ಮುಸುಕಿನ ಬುಡದಲ್ಲಿ ಕಿಟಕಿಯಂತೆ ಕೊಯ್ದ ತೂತು ಕಂಡರೆ ಯಾರೋ ಹಾಳು ಮಾಡಿದರು ಎಂದು ಸಿಟ್ಟಾಗಬೇಡಿ. ಬೇರೆ ಉದ್ಯಾನದಿಂದ ಬಂದ ಪರಾಗವನ್ನು ಕುಂಚದಿಂದ ಸವರಲು, ಮರುದಿನ ಇದರ ಪರಾಗ ತೆಗೆದು ಶೀತದಲ್ಲಿಡಲು ಇರುವ ದಾರಿ ಅದು. ಸುಮಾತ್ರಾದ ಕಾಡಿನಲ್ಲಿ ಉಳಿದಿರುವ ಗಿಡಗಳು ಸಾವಿರಕ್ಕೂ ಕಡಿಮೆ ಎಂಬ ಅಂದಾಜಿದೆ, 2018ರಿಂದ ಇದು ಅಳಿವಿನಂಚಿನ ಪಟ್ಟಿಯಲ್ಲಿದೆ. ಆ ತೂತಿನಿಂದ ಬರುವ ಬೀಜಗಳಿಗೆ ಬಹಳ ಬೆಲೆಯಿದೆ.

ಎಲ್ಲ ಲಕ್ಷಣ ಕಂಡೂ ಅರಳದೆ ಹೋಗುವುದುಂಟು. 2015ರ ಆಗಸ್ಟ್‌ನಲ್ಲಿ ಶಿಕಾಗೊ ಬಟಾನಿಕ್ ಗಾರ್ಡನ್‌ನ ‘ಸ್ಪೈಕ್’ ಹಾಗೆಯೇ ನಿಂತುಬಿಟ್ಟಿತು. ತೆರೆಯುವಷ್ಟು ಕಸುವು ಅದಕ್ಕೆ ಉಳಿದಿರಲಿಲ್ಲ. ಕೊನೆಗೆ ಮುಸುಕನ್ನು ಕೈಯಿಂದಲೇ ಕೊಯ್ದು ಪರಾಗ ತೆಗೆದರು. ಮುಂದಿನ ತಿಂಗಳು ಅದೇ ಉದ್ಯಾನದ ಇನ್ನೊಂದು ಗಿಡ, ‘ಆಲಿಸ್’, ಚೆನ್ನಾಗಿ ಅರಳಿತು.

ನಮ್ಮ ಹತ್ತಿರ ನೋಡಬೇಕೆಂದರೆ ಕೇರಳದ ವಯನಾಡಿನ ಪೆರಿಯ ಬಳಿ ಗುರುಕುಲ ಬಟಾನಿಕಲ್ ಸ್ಯಾಂಕ್ಚುಯರಿಯಲ್ಲಿ ಇದು ಅರಳಿದೆ. ಬೆಂಗಳೂರಲ್ಲಿ ಬಯಲಲ್ಲಿ ನೆಡಬಹುದೇ ಎಂದರೆ ಕಷ್ಟ. ಇದಕ್ಕೆ ರಾತ್ರಿಯೂ 20 ಡಿಗ್ರಿಯ ಆಸುಪಾಸು, ಒದ್ದೆ ಗಾಳಿ ಬೇಕು. ಅಲ್ಲಿ ಜನವರಿಯ ರಾತ್ರಿ 15-16ಕ್ಕೆ ಇಳಿಯುತ್ತದೆ.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ಮುಂಗಾರಿಗೆ ಮುಂಚೆ ಪ್ರತಿವರ್ಷ ಯಾರದಾದರೂ ಹಿತ್ತಲಲ್ಲಿ ನೆಲಕ್ಕಂಟಿಕೊಂಡು ಗಂಟೆಯಾಕಾರದ ಕಡುನೇರಳೆ ಹೂವೊಂದು ಅರಳಿ, ‘ಅಪರೂಪದ ದೈತ್ಯ ಹೂವು’ ಎಂದು ಫೋಟೊ ಹಂಚಿಕೆಯಾಗುತ್ತದೆ. ಅದು ಟೈಟಾನ್ ಆರಂ ಅಲ್ಲ. ಆದರೆ ದೂರದ್ದೂ ಅಲ್ಲ, ಅದರ ತಂಗಿ. ನೀವು ಹುಳಿಗೆ, ಪಲ್ಯಕ್ಕೆ ಹಾಕುವ ಸುವರ್ಣಗಡ್ಡೆ. ಎರಡೂ ಅಮಾರ್ಫೊಫ್ಯಾಲಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಸುವರ್ಣಗಡ್ಡೆಯ ಚುಕ್ಕೆ ತೊಟ್ಟು, ಕೊಡೆಯಂತೆ ಬಿಚ್ಚಿದ ಒಂಟಿ ಎಲೆ ನೋಡಿದವರು ಟೈಟಾನ್ ಆರಂನ ಎಲೆಯನ್ನು ನೋಡಿದಂತೆಯೇ, ಅಳತೆ ಮಾತ್ರ ಹಿರಿದು. ಸುವರ್ಣಗಡ್ಡೆಯ ಹೂವಿನ ನಡುವೆ ಉದ್ದ ದಿಂಡಿನ ಬದಲು ಮಿದುಳಿನಂತೆ ಸುಕ್ಕುಗಟ್ಟಿದ ಉಂಡೆ ಇರುತ್ತದೆ, ಗುರುತು ಅದೇ. ನಾತವೂ ಅದೇ ಕುಲದ್ದು.

ಅದು ಅಪರೂಪವೆನಿಸಲು ಕಾರಣ ನಾವೇ. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗುತ್ತಲೇ ಗಡ್ಡೆ ಕಿತ್ತು ಅಡುಗೆಮನೆಗೆ ತರುತ್ತೇವೆ. ಕಣಜ ತುಂಬಲು ಬಿಡುವುದೇ ಇಲ್ಲ. ನೋಡುವ ಆಸೆಯಿದ್ದರೆ ಹಿತ್ತಲ ಮೂಲೆಯಲ್ಲಿ, ನೀರು ನಿಲ್ಲದ ಕಡೆ, ಒಂದು ದೊಡ್ಡ ಗಡ್ಡೆಯನ್ನು ಮೂರು ನಾಲ್ಕು ವರ್ಷ ಕೀಳದೆ ಬಿಡಿ. ಬೇಸಿಗೆಯಲ್ಲಿ ನೀರು ಹಾಕಬೇಡಿ. ಮೊದಲ ಮಳೆ ಬಿದ್ದ ಮೇಲೆ ಮೊಳಕೆ ಸಪೂರವಾಗಿ ಎದ್ದಿತೋ, ಬುಡ ಉಬ್ಬಿಸಿಕೊಂಡು ಎದ್ದಿತೋ ನೋಡಿ. ಉಬ್ಬಿದ್ದರೆ ಮಲಗುವ ಕೋಣೆಯ ಕಿಟಕಿಯನ್ನು ಎರಡು ರಾತ್ರಿ ಮುಚ್ಚಿಡಿ. ಹೂವು ಬಾಡಿತೆಂದು ಗಡ್ಡೆ ಕೀಳಬೇಡಿ, ಎಲೆ ಅದರ ಹಿಂದೆಯೇ ಬರುತ್ತದೆ.