ಪದ ಪರಿಚಯ: ಆಕಸ್ಮಿಕ (ಮತ್ತು ಅದರ ಜೊತೆಗಾರ ಅಪಘಾತ)

ಮೊನ್ನೆ ಪತ್ರಿಕೆಯ ಒಳಪುಟದಲ್ಲಿ ಎರಡು ಕಾಲಂ ಸುದ್ದಿ. ‘ಆಕಸ್ಮಿಕವಾಗಿ ಸಂಪ್‌ಗೆ ಬಿದ್ದು ಮಗು ಸಾವು.’ ಮೂರನೇ ಸಾಲಿನಲ್ಲಿ ಸಂಪ್‌ನ ಮುಚ್ಚಳ ತೆರೆದಿತ್ತು ಎಂದಿದೆ. ನಾಲ್ಕನೇ ಸಾಲಿನಲ್ಲಿ ಟ್ಯಾಂಕರ್‌ನವರು ನೀರು ತುಂಬಿಸಿ ಹೋದ ಮೇಲೆ ಯಾರೂ ಮುಚ್ಚಿರಲಿಲ್ಲ ಎಂದಿದೆ. ಮಗುವಿಗೆ ಎರಡು ವರ್ಷ. ಇದರಲ್ಲಿ ಆಕಸ್ಮಿಕ ಯಾವುದು?

ಇಂಥದ್ದು ವಾರಕ್ಕೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಆಕಸ್ಮಿಕ ಬೆಂಕಿ. ಆಕಸ್ಮಿಕವಾಗಿ ಕಾಲು ಜಾರಿ ಕೆರೆಗೆ. ಆಕಸ್ಮಿಕವಾಗಿ ವಿದ್ಯುತ್ ತಂತಿ ತಗುಲಿ. ಬರೆಯುವವರಿಗೆ ಈ ಪದ ಒಗ್ಗರಣೆಯ ಸಾಸಿವೆ ಇದ್ದ ಹಾಗೆ, ಕೈ ತಾನಾಗಿಯೇ ಡಬ್ಬಿಗೆ ಹೋಗುತ್ತದೆ. ಹಾಗಾಗಿ ಈ ಸಲ ಇದನ್ನೇ ಬಿಡಿಸಿ ನೋಡೋಣ ಅನ್ನಿಸಿತು.

ಮೂಲ ಸಂಸ್ಕೃತದ ‘ಅಕಸ್ಮಾತ್’. ಕಸ್ಮಾತ್ ಎಂದರೆ ಯಾವುದರಿಂದ, ಯಾಕೆ. ಅದರ ಹಿಂದೆ ಒಂದು ‘ಅ’. ಅಂದರೆ ‘ಯಾಕೆ’ ಎಂದು ಕೇಳಿದರೆ ಉತ್ತರ ಸಿಗದ್ದು. ಆಕಸ್ಮಿಕ ಹುಟ್ಟಿದ್ದು ಅಲ್ಲಿಂದ. ‘ಇದ್ದಕ್ಕಿದ್ದಂತೆ’ ಎಂಬ ಅರ್ಥವೂ ಇದೆ, ನಾವು ಬಳಸಿದ್ದು ಆ ಅರ್ಥದಲ್ಲಿ ಎಂದು ಪತ್ರಿಕೆಯವರು ವಾದಿಸಬಹುದು. ಸರಿ, ಆದರೆ ಸಂಪ್‌ಗೆ ಬೀಳುವವರು ಎಲ್ಲರೂ ಇದ್ದಕ್ಕಿದ್ದಂತೆಯೇ ಬೀಳುತ್ತಾರೆ. ನಿಧಾನವಾಗಿ ಯೋಚನೆ ಮಾಡಿಕೊಂಡು ಬಿದ್ದವರು ಯಾರಿದ್ದಾರೆ? ಆ ಅರ್ಥದಲ್ಲಿ ಪದ ಅಲ್ಲಿ ಸುಮ್ನೆ ಜಾಗ ತಿನ್ನುತ್ತಿದೆ. ಅದು ನಿಜಕ್ಕೂ ಮಾಡುವ ಕೆಲಸ ‘ಯಾಕೆ’ಯ ಬಾಯಿ ಮುಚ್ಚಿಸುವುದು.

ನನಗೆ ಇದರಲ್ಲಿ ತಮಾಷೆಯಾಗಿ ಕಾಣುವುದು ಇನ್ನೊಂದು. ಮನೆಮಾತಿನಲ್ಲಿ ಅಕಸ್ಮಾತ್ ಎಂಬ ಪದವನ್ನು ನಾವು ಹೇಗೆ ಬಳಸುತ್ತೇವೆ ನೋಡಿ. ‘ಅಕಸ್ಮಾತ್ ಮಳೆ ಬಂದ್ರೆ ಅಂತ ಕೊಡೆ ಇಟ್ಟುಕೊಂಡೆ.’ ‘ಅಕಸ್ಮಾತ್ ಬಸ್ಸು ತಪ್ಪಿದ್ರೆ ಫೋನ್ ಮಾಡು.’ ಇಲ್ಲಿ ಅಕಸ್ಮಾತ್ ಎಂದರೆ ಮುಂದಾಲೋಚನೆ! ‘ಅಕಸ್ಮಾತ್ ಮಗು ಬಿದ್ದುಬಿಟ್ರೆ?’ ಎಂದು ಮೊದಲೇ ಕೇಳಿ ಮುಚ್ಚಳ ಎಳೆಯುವ ಅಜ್ಜಿ ಪದವನ್ನು ಸರಿಯಾಗಿ ಬಳಸಿದ್ದಾಳೆ. ಆದಮೇಲೆ ‘ಆಕಸ್ಮಿಕ’ ಎಂದು ಬರೆದು ಕೈ ತೊಳೆದುಕೊಳ್ಳುವುದೇ ತಪ್ಪು ಬಳಕೆ.

ಇನ್ನು ಅಪಘಾತ. ಇಲ್ಲಿ ವ್ಯುತ್ಪತ್ತಿ ಇನ್ನೂ ಸೊಗಸಾಗಿದೆ. ಘಾತ ಎಂದರೆ ಹೊಡೆತ, ಧಾತು ‘ಹನ್’. ಹತ್ಯೆ, ಹನನ, ಆಘಾತ, ವಿಶ್ವಾಸಘಾತ ಎಲ್ಲ ಇದರ ಮಕ್ಕಳು. ಪ್ರಾಕೃತಕ್ಕೆ ಇಳಿದಾಗ ಘಾತ ಹೋಗಿ ‘ಘಾಯ’ ಆಯಿತು, ನಮ್ಮ ಬಾಯಲ್ಲಿ ‘ಗಾಯ’ ಆಯಿತು. ನಾವು ಅಚ್ಚಗನ್ನಡ ಎಂದುಕೊಂಡಿರುವ ಗಾಯಕ್ಕೂ ಘಾತಕ್ಕೂ ಅಜ್ಜ ಒಬ್ಬನೇ. ಹಿಂಸೆ ಕೂಡ ಅದೇ ಮನೆಯದು. ‘ಹಿಂಸ್’ ಎನ್ನುವುದು ‘ಹನ್’ ಧಾತುವಿನ ಇಚ್ಛಾರೂಪ ಎನ್ನುತ್ತಾರೆ ವಿದ್ವಾಂಸರು. ಅಂದರೆ ಹೊಡೆಯಬೇಕೆಂಬ ಬಯಕೆ. ಗಾಯದಲ್ಲಿ ಪೆಟ್ಟು ಮಾತ್ರ ಇದೆ, ಹಿಂಸೆಯಲ್ಲಿ ಪೆಟ್ಟಿನ ಜೊತೆ ಉದ್ದೇಶವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯವರು ಇವತ್ತು ಗಾಯ ಮತ್ತು ಹಿಂಸೆಯನ್ನು ಒಂದೇ ಕಡತದಲ್ಲಿ ಕಟ್ಟಿಟ್ಟಿದ್ದಾರೆ. ಒಂದೇ ಬೇರಿನಿಂದ ಎರಡನ್ನೂ ಹುಟ್ಟಿಸಿ ಭಾಷೆ ಆ ಕೆಲಸವನ್ನು ಯಾವತ್ತೋ ಮಾಡಿತ್ತು.

ಮತ್ತೆ ಆ ‘ಅಪ’? ನಾವು ಅದನ್ನು ಅಪಕೀರ್ತಿ, ಅಪಶಕುನದ ‘ಅಪ’ ಎಂದುಕೊಳ್ಳುತ್ತೇವೆ, ಕೆಟ್ಟದ್ದು ಎಂಬ ಅರ್ಥದಲ್ಲಿ. ಹಳೆಯ ಸಂಸ್ಕೃತದಲ್ಲಿ ಅದು ‘ಆಚೆಗೆ’ ಎಂಬ ‘ಅಪ’. ಅಪಘಾತ ಎಂದರೆ ಹೊಡೆದು ಆಚೆ ಅಟ್ಟುವುದು, ತಡೆಯುವುದು. ಹೌದು, ಸರಿಯಾಗಿಯೇ ಓದಿದಿರಿ. ಇವತ್ತು ‘ತಡೆಯೋಕೆ ಆಗಲ್ಲ’ ಎಂಬಂತೆ ಬಳಸುವ ಪದದ ಹಳೆಯ ಅರ್ಥವೇ ತಡೆಗಟ್ಟುವಿಕೆ. (ಗುಜರಾತಿಯಲ್ಲಿ ‘ಆಪಘಾತ’ ಎಂದರೆ ಆತ್ಮಹತ್ಯೆ. ಅಲ್ಲಿನ ‘ಆಪ’ ಬೇರೆ, ‘ತಾನು’ ಎನ್ನುವ ಅರ್ಥದ್ದು. ಅಹಮದಾಬಾದಿಗೆ ಹೋದವರು ಗಲಿಬಿಲಿ ಮಾಡಿಕೊಳ್ಳಬೇಡಿ.)

ಗಾಯ ಎಂಬ ಪದದ ತಕರಾರು ಇನ್ನೊಂದು ಬಗೆಯದು. ನಮಗೆ ಗಾಯ ಎಂದರೆ ರಕ್ತ ಬರಬೇಕು. ಬರದಿದ್ದರೆ ಪೆಟ್ಟು, ಏಟು, ಹೆಚ್ಚೆಂದರೆ ಒಳಪೆಟ್ಟು. ಮುಳುಗಿ ಸತ್ತವರಿಗೆ, ವಿಷ ಕುಡಿದವರಿಗೆ ಗಾಯವಾಯಿತು ಎಂದು ಯಾರೂ ಹೇಳುವುದಿಲ್ಲ. ಆದರೆ ಆರೋಗ್ಯದವರ ಲೆಕ್ಕದಲ್ಲಿ ಅವೂ ಗಾಯವೇ. ಅವರ ತರ್ಕ ಸರಳ: ಮೈ ತಡೆದುಕೊಳ್ಳಲಾಗದಷ್ಟು ಶಕ್ತಿ ಮೈಗೆ ಬಂದು ಬಡಿಯಬೇಕು, ಇಲ್ಲವೇ ಉಸಿರಿನಂಥ ಬೇಕಾದ್ದು ಸಿಗದೆ ಹೋಗಬೇಕು. ಬಡಿಯುವ ಶಕ್ತಿ ಬೆಂಕಿಯ ಬಿಸಿಯಾಗಿರಬಹುದು, ಬೈಕಿನ ವೇಗವಾಗಿರಬಹುದು, ಕರೆಂಟ್ ಆಗಿರಬಹುದು. ಈ ಲೆಕ್ಕದಲ್ಲಿ ಗಾಯ ಮತ್ತು ಹಿಂಸೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 44 ಲಕ್ಷ ಜನ ಸಾಯುತ್ತಾರೆ. ಎಲ್ಲ ಸಾವುಗಳಲ್ಲಿ ನೂರಕ್ಕೆ 8. ರಸ್ತೆಯಲ್ಲೇ ಸುಮಾರು 12 ಲಕ್ಷ. 5ರಿಂದ 29 ವರ್ಷದವರಲ್ಲಿ ಸಾವಿಗೆ ಮೊದಲ ಕಾರಣ ಯಾವ ರೋಗವೂ ಅಲ್ಲ, ರಸ್ತೆ. ಭಾರತದಲ್ಲಿ 2022ರಲ್ಲಿ ರಸ್ತೆ ನುಂಗಿದ್ದು 1.68 ಲಕ್ಷ ಜನರನ್ನು.

ಇಷ್ಟು ಜನ ಪ್ರತಿ ವರ್ಷ ಹೆಚ್ಚುಕಮ್ಮಿ ಇದೇ ಲೆಕ್ಕದಲ್ಲಿ ಸಾಯುತ್ತಾರೆ ಎಂದಾದರೆ ಅದನ್ನು ಆಕಸ್ಮಿಕ ಎನ್ನುವುದು ಹೇಗೆ? ಹೆದ್ದಾರಿಯಲ್ಲಿ ‘ಅಪಘಾತ ವಲಯ, ನಿಧಾನವಾಗಿ ಚಲಿಸಿ’ ಎಂಬ ಬೋರ್ಡ್ ನೋಡಿದ್ದೀರಲ್ಲ. ಎಲ್ಲಿ ಆಗುತ್ತದೆ ಎಂದು ಗೊತ್ತು, ಕಬ್ಬಿಣದ ಕಂಬ ನೆಟ್ಟು ಬಣ್ಣ ಬಳಿದು ಬರೆಸುವಷ್ಟು ಖಚಿತವಾಗಿ ಗೊತ್ತು. ಆದರೂ ಮರುದಿನದ ಸುದ್ದಿಯಲ್ಲಿ ವಿಧಿಯಾಟ, ಜವರಾಯನ ಅಟ್ಟಹಾಸ, ಯಮಸ್ವರೂಪಿ ಲಾರಿ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ 2001ರಲ್ಲೇ ‘ಆಕ್ಸಿಡೆಂಟ್’ ಪದವನ್ನು ತನ್ನ ಪುಟಗಳಿಂದ ಹೊರಗಿಟ್ಟಿತು. ನಮ್ಮಲ್ಲಿ ಸಿಡಿಲಿಗೂ ಈಗ ಮುನ್ನೆಚ್ಚರಿಕೆ ಕೊಡುವ ‘ಸಿಡಿಲು’ ಎಂಬ ಆ್ಯಪ್ ಇದೆ, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ್ದು. ಸಿಡಿಲೇ ಆಕಸ್ಮಿಕ ಅಲ್ಲ ಅಂದ ಮೇಲೆ ಸಂಪ್‌ನ ಮುಚ್ಚಳ ಯಾವ ಲೆಕ್ಕ!

ಹೀಗೆ ಹೇಳಿದ ಕೂಡಲೇ ಬರುವ ಪ್ರಶ್ನೆ: ‘ಹಾಗಾದ್ರೆ ಬೇಕಂತಲೇ ಮಾಡಿದ್ರು ಅಂತೀರಾ?’ ನನ್ನ ತಾಳ್ಮೆ ಕೆಡುವುದು ಇಲ್ಲಿಯೇ. ಉದ್ದೇಶ ಬೇರೆ, ಕಾರಣ ಬೇರೆ. ಉದ್ದೇಶ ಇರಲಿಲ್ಲ ಎಂದರೆ ಕಾರಣ ಇರಲಿಲ್ಲ ಎಂದಲ್ಲ. ಮುಚ್ಚಳ ತೆರೆದಿಟ್ಟವರು ಮಗುವನ್ನು ಕೊಲ್ಲಲು ಇಟ್ಟದ್ದಲ್ಲ, ಆದರೆ ಮಗು ಬಿದ್ದದ್ದು ಮುಚ್ಚಳ ತೆರೆದಿದ್ದಕ್ಕೇ. ಉದ್ದೇಶವಿಲ್ಲದ ಗಾಯ, ಉದ್ದೇಶಪೂರ್ವಕ ಗಾಯ ಎಂದು ಆರೋಗ್ಯ ಸಂಸ್ಥೆ ಎರಡು ಪಟ್ಟಿ ಮಾಡುತ್ತದೆ. ‘ಕಾರಣವಿಲ್ಲದ ಗಾಯ’ ಎಂಬ ಮೂರನೇ ಪಟ್ಟಿ ಇಲ್ಲವೇ ಇಲ್ಲ.

ಈ ಎರಡನ್ನು ಕಲಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ: ‘ಸ್ಟೌವ್ ಸಿಡಿದು ಗೃಹಿಣಿ ಸಾವು’. ಸೀಮೆಎಣ್ಣೆಯ ಪಂಪ್ ಸ್ಟೌವ್ ನೋಡಿದ ತಲೆಮಾರಿಗೆ ಈ ಸಾಲು ನೆನಪಿರುತ್ತದೆ. ಬೆಂಗಳೂರಿನ ಮಹಿಳಾ ಹಕ್ಕುಗಳ ಸಂಘಟನೆ ವಿಮೋಚನಾದವರು 1990ರ ದಶಕದ ಕೊನೆಗೆ ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳ ಬೆನ್ನು ಹತ್ತಿದಾಗ ಕಂಡಿದ್ದು ‘ಅಡುಗೆಮನೆ ಅಪಘಾತ’ ಎಂದು ಷರಾ ಬರೆದು ಮುಚ್ಚಿದ ಕೇಸುಗಳ ಸಾಲು. ಅತ್ತೆಯ ಕೈಯಲ್ಲಿ ತೆಪ್ಪಗಿರುವ ಸ್ಟೌವ್ ಸೊಸೆಯ ಕೈಗೆ ಬಂದ ಕೂಡಲೇ ಸಿಡಿಯುತ್ತಿತ್ತು! ಇಲ್ಲಿ ‘ಆಕಸ್ಮಿಕ’ ಎಂಬ ಪದ ಕಾರಣವನ್ನು ಮಾತ್ರ ಮುಚ್ಚಲಿಲ್ಲ, ಕೊಲೆಯನ್ನೇ ಮುಚ್ಚಿತು. 1986ರಲ್ಲಿ ವರದಕ್ಷಿಣೆ ಸಾವಿನ ಕಾನೂನು ಬಂದಾಗ ಮದುವೆಯಾದ ಏಳು ವರ್ಷದೊಳಗೆ ಎಂಬ ಗಡಿ ಹಾಕಿದ್ದು, ಅಂಥ ಸಾವಿಗೆ ಇವತ್ತಿಗೂ ತಹಶೀಲ್ದಾರರೇ ಬಂದು ಪಂಚನಾಮೆ ಮಾಡುವುದು, ಎಲ್ಲ ‘ಯಾಕೆ’ ಎಂದು ಕೇಳಲೇಬೇಕು ಎಂಬ ಕಾರಣಕ್ಕೆ. ಹಿಂಸೆ ಪೊಲೀಸರ ಕೆಲಸ ಮಾತ್ರವಲ್ಲ, ಆರೋಗ್ಯದ ಸಮಸ್ಯೆಯೂ ಹೌದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ನಿರ್ಣಯ ಮಾಡಿದ್ದು 1996ರಲ್ಲಿ. ಸುಟ್ಟಗಾಯದ ವಾರ್ಡಿನ ನರ್ಸುಗಳಿಗೆ ಅದು ಅದಕ್ಕಿಂತ ಎಷ್ಟೋ ಮೊದಲೇ ಗೊತ್ತಿತ್ತು.

ಇನ್ನೊಂದು ತುದಿಯೂ ಅಷ್ಟೇ ಬೇಸರ ತರಿಸುತ್ತದೆ: ಎಲ್ಲವನ್ನೂ ಚಾಲಕನ ತಲೆಗೆ ಕಟ್ಟುವುದು. ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಎಫ್‌ಐಆರ್‌ನಲ್ಲಿ ಒಂದು ಸಾಲು ಬಿದ್ದರೆ ಮುಗಿಯಿತು. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಸಾವುಗಳ ಸುದ್ದಿ ದಿನಾ ಬರತೊಡಗಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಸರ್ವಿಸ್ ರಸ್ತೆಗೆ ಕಳಿಸಿದರು. ವೇಗ ಹಿಡಿಯುವ ಕ್ಯಾಮೆರಾ ಹಾಕಿದರು. ಸಾವು ಇಳಿಯಿತು. ಓಡಿಸುವವರು ಅವರೇ, ಜಾತಕಗಳೂ ಅವೇ. ಹಣೆಬರಹ ಏನು ಆಗಸ್ಟ್ 1ಕ್ಕೆ ಬದಲಾಯಿತಾ?

ಈ ದಾರಿಯಲ್ಲಿ ಮೊದಲು ಗಟ್ಟಿಯಾಗಿ ಯೋಚಿಸಿದವರಲ್ಲಿ ಅಮೆರಿಕದ ವಿಲಿಯಂ ಹ್ಯಾಡನ್ ಒಬ್ಬ. ವೈದ್ಯ, 1966ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಮೊದಲ ಮುಖ್ಯಸ್ಥ. ಮಲೇರಿಯಾದ ಬಗ್ಗೆ ಕೇಳುವ ಪ್ರಶ್ನೆಗಳನ್ನೇ ಗಾಯದ ಬಗ್ಗೆಯೂ ಕೇಳಿ ಎನ್ನುವುದು ಅವನ ವಾದದ ತಿರುಳು. ಆಗುವ ಮೊದಲು ಏನಿತ್ತು, ಆಗುವಾಗ ಏನಿತ್ತು, ಆದ ಮೇಲೆ ಏನಿತ್ತು? ಸಂಪ್‌ಗೆ ಹಚ್ಚಿ ನೋಡಿ. ಮೊದಲು: ಮುಚ್ಚಳ ಎರಡು ವರ್ಷದ ಮಗುವಿಗೆ ಎತ್ತಲಾಗದಷ್ಟು ಭಾರವೇ, ಚಿಲಕ ಇದೆಯೇ? ಆಗುವಾಗ: ಬಾಯಿಯ ಕೆಳಗೆ ಒಂದು ಕಬ್ಬಿಣದ ಜಾಲರಿ ಇದೆಯೇ? ಆಮೇಲೆ: ನೀರಿನಿಂದ ತೆಗೆದ ಮಗುವಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬರುವವರು ಯಾರಾದರೂ ಇದ್ದರೇ? ‘ಅಮ್ಮ ಏನು ಮಾಡ್ತಿದ್ಲು?’ ಎಂಬ ಒಂದೇ ಪ್ರಶ್ನೆಗೆ ನಿಲ್ಲುವ ನಮ್ಮ ಬೀದಿ ಪಂಚಾಯ್ತಿಗೆ ಇವು ಹೊಳೆಯುವುದಿಲ್ಲ.

ಅಮ್ಮ ಏನು ಮಾಡುತ್ತಿದ್ದಳು ಎಂದು ಬಯ್ಯಲಿಕ್ಕಲ್ಲದೆ ನಿಜವಾಗಿ ಕೇಳಿದವರು ಬಾಂಗ್ಲಾದೇಶದವರು. ಅಲ್ಲಿ ಮನೆಗೊಂದು ಹೊಂಡ. ಪುಟ್ಟ ಮಕ್ಕಳು ಮುಳುಗುವುದು ಬಹುಪಾಲು ಬೆಳಗಿನಿಂದ ಮಧ್ಯಾಹ್ನದೊಳಗೆ, ಮನೆಯಿಂದ ನಾಲ್ಕು ಹೆಜ್ಜೆಯಲ್ಲಿ. ಅದು ಅಮ್ಮಂದಿರು ಅಡುಗೆ, ಬಟ್ಟೆ, ದನ ಎಂದು ಮೈಮುರಿದು ದುಡಿಯುವ ಹೊತ್ತು. ಹಾಗಾಗಿ ಊರಿನ ಒಬ್ಬಾಕೆಯ ಮನೆಯಲ್ಲೇ ಬೆಳಗ್ಗೆ 9ರಿಂದ 1ರವರೆಗೆ ಮಕ್ಕಳನ್ನು ಕೂರಿಸಿಕೊಳ್ಳುವ ‘ಆಂಚಲ್’ ಶುರುವಾಯಿತು. ಆಂಚಲ್ ಎಂದರೆ ಸೆರಗು. ಅಲ್ಲಿಗೆ ಹೋದ ಮಕ್ಕಳಲ್ಲಿ ಮುಳುಗಿ ಸಾಯುವುದು ನೂರಕ್ಕೆ 80ಕ್ಕಿಂತ ಜಾಸ್ತಿ ಇಳಿಯಿತು. ಶ್ರೀಲಂಕಾದಲ್ಲಿ ತೀರಾ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1995ರಿಂದ ಈಚೆಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ 70ರಷ್ಟು ಕೆಳಗೆ ಬಂತು. ಉದ್ದೇಶವಿದ್ದ ಗಾಯವೂ ತಡೆಯಬಹುದಾದ ಗಾಯವೇ.

ಹೃದಯಾಘಾತವಾಗಿ ಯಾರಾದರೂ ಹೋದರೆ ಮಾತಾಡಿಸಲು ಬಂದವರೆಲ್ಲ ಏನು ಕೇಳುತ್ತಾರೆ? ‘ಬಿಪಿ ಇತ್ತಾ? ಸಿಗರೇಟು ಸೇದ್ತಿದ್ರಾ?’ ಅದೇ ಮನೆಯ ಹುಡುಗ ಬೈಕಿನಲ್ಲಿ ಹೋದರೆ ‘ಅಷ್ಟೇ ಋಣ ಇತ್ತು’ ಎನ್ನುತ್ತಾರೆ. ಅಲ್ಲಿಯೂ ಒಂದು ಘಾತ, ಇಲ್ಲಿಯೂ ಒಂದು ಘಾತ. ಒಂದಕ್ಕೆ ಯಾಕೆ ಇದೆ, ಇನ್ನೊಂದಕ್ಕೆ ಇಲ್ಲ.

ನಮ್ಮ ಚಿಕ್ಕಮ್ಮ ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಹೊಸದಾಗಿ ಹಾಕಿಸಿದ್ದ ನುಣುಪು ಟೈಲ್ಸ್, ಸೋಪಿನ ನೀರು, ಸೊನ್ನೆ ಕ್ಯಾಂಡಲ್ ಬಲ್ಬು. ಆಸ್ಪತ್ರೆಯಲ್ಲಿ ನಾನು ಟೈಲ್ಸ್ ಸುದ್ದಿ ತೆಗೆದರೆ ‘ಬಿಡೋ, ಬರೆದಿತ್ತು ಕಣೋ’ ಎಂದರು. ಆಮೇಲೆ ಅವರ ಮಗ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿದ, ಒರಟು ಕಲ್ಲು ಕೂರಿಸಿದ, ಬಲ್ಬು ಬದಲಾಯಿಸಿದ. ಹೋದ ತಿಂಗಳು ಹೋದಾಗ ನನ್ನನ್ನು ಬಚ್ಚಲಿಗೇ ಕರೆದು ತೋರಿಸಿದರು. ಹಿಡಿಕೆಯ ಒಂದು ಸ್ಕ್ರೂ ಸಡಿಲವಾಗಿತ್ತು. ‘ಇದೊಂದು ಬಿಗಿ ಮಾಡಿಸೋ, ಅಕಸ್ಮಾತ್ ಕಿತ್ತು ಬಂದ್ರೆ?’