ರಕ್ತ ತೆಳು ಮಾಡೋ ಮಾತ್ರೆ ಜಾಸ್ತಿಯಾದರೆ: ಮದ್ದಿಗೆ ಮದ್ದು ಹುಡುಕಿದ ಕಥೆ

‘ರಕ್ತ ತೆಳು ಮಾಡೋ ಮಾತ್ರೆ’ ಅನ್ನುವ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಇವು ರಕ್ತವನ್ನು ನೀರು ಮಾಡುವುದಿಲ್ಲ, ಹೆಪ್ಪುಗಟ್ಟದಂತೆ ತಡೆಯುತ್ತವೆ. ತಡೆಯುವ ಜಾಗ ಒಂದೊಂದಕ್ಕೂ ಬೇರೆ. ಹಾಗಾಗಿ ಡೋಸ್ ಜಾಸ್ತಿಯಾದಾಗ ಎಲ್ಲಕ್ಕೂ ಒಂದೇ ಮದ್ದು ಇಲ್ಲ.

1916ರಲ್ಲಿ ಇದೇ ಕೆಲಸ ಮಾಡುವ ಹೆಪಾರಿನ್ ಸಿಕ್ಕಿತು, ಇದು ಮಾತ್ರೆಯಲ್ಲ, ಇಂಜೆಕ್ಷನ್. ಮೀನಿನ ವೀರ್ಯದಿಂದ ತೆಗೆದ ಪ್ರೋಟಮೈನ್ ಅದಕ್ಕೆ ಮಾರುಮದ್ದಾಯಿತು. ಅದು ಇವತ್ತಿಗೂ ಬಳಕೆಯಲ್ಲಿದೆ.

ವಾರ್ಫರಿನ್ ಕಥೆ ಇಷ್ಟು ಸಲೀಸಲ್ಲ. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಬೂಸ್ಟು ಹಿಡಿದ ಮೇವು ತಿಂದು ರಕ್ತ ನಿಲ್ಲದೆ ಸತ್ತವು. ಆ ಮೇವಿನಲ್ಲಿದ್ದ ವಿಷದ ಜಾಡು ಹಿಡಿದೇ 1948ರಲ್ಲಿ ವಾರ್ಫರಿನ್ ಇಲಿ ಪಾಷಾಣವಾಗಿ ಬಂತು. 1951ರಲ್ಲಿ ಅಮೆರಿಕದ ಸೈನಿಕನೊಬ್ಬ ಸಾಯಲೆಂದು ಅದನ್ನೇ ತಿಂದ. ವಿಟಮಿನ್ ಕೆ ಕೊಟ್ಟರು, ಬದುಕಿದ. ಮೂರೇ ವರ್ಷದಲ್ಲಿ ಇಲಿ ಪಾಷಾಣ ಮನುಷ್ಯರ ಔಷಧವಾಯಿತು!

ಎಷ್ಟು ವಿಟಮಿನ್ ಕೆ ಕೊಡಬೇಕು ಅನ್ನುವುದು ಮಾತ್ರ ದಶಕಗಟ್ಟಲೆ ಕಾಡಿತು. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ತಯಾರಿಸಲು ಅದು ಬೇಕು. ವಾರ್ಫರಿನ್ ಅದಕ್ಕೇ ಅಡ್ಡ ಹಾಕುತ್ತದೆ. ಹಾಗಂತ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಪರೀಕ್ಷೆಯ ಅಂಕಿ) ಏರಿತೆಂದು ಗಾಬರಿಯಾಗಿ 10 ಮಿಲಿಗ್ರಾಂ ಕೊಟ್ಟರೆ, ಆಮೇಲೆ ಎಷ್ಟೋ ದಿನ ವಾರ್ಫರಿನ್ ನಾಟುವುದೇ ಇಲ್ಲ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರಿಗೆ ಇದು ದೊಡ್ಡ ಅಪಾಯ. ರಕ್ತಸ್ರಾವಕ್ಕೆ ಹೆದರಿ ಹೆಪ್ಪನ್ನು ಕರೆದು ಕೂರಿಸಿದ ಹಾಗಲ್ವಾ? 2012ರ ಅಮೆರಿಕದ ಮಾರ್ಗಸೂಚಿ ಬೇರೆ ದಾರಿ ಹಿಡಿಯಿತು. ಐಎನ್‌ಆರ್ 4.5ರಿಂದ 10ರ ನಡುವೆ ಇದ್ದು ರಕ್ತ ಸೋರದಿದ್ದರೆ ಸುಮ್ನೆ ವಿಟಮಿನ್ ಕೆ ಕೊಡುವುದು ಬೇಡ ಎಂದಿತು. ಮಾತ್ರೆ ನಿಲ್ಲಿಸಿ, ಮತ್ತೆ ಪರೀಕ್ಷಿಸಿ, ಕಾಯಬೇಕು. ಕಾಯುವುದು ವೈದ್ಯರಿಗೂ ಮನೆಯವರಿಗೂ ಕಷ್ಟ, ಅದು ಬೇರೆ ಮಾತು.

ಜೋರಾಗಿ ರಕ್ತ ಹೋಗುತ್ತಿದ್ದರೆ ಕಾಯುವ ಮಾತಿಲ್ಲ. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರೂ ಕೆಲಸ ಶುರುವಾಗಲು ಗಂಟೆಗಳು ಬೇಕು. ಮೊದಲು ಆ ಹೊತ್ತಿಗೆ ಪ್ಲಾಸ್ಮಾ, ಅಂದರೆ ಫ್ರೀಜ್ ಮಾಡಿಟ್ಟ ರಕ್ತದ ದ್ರವಭಾಗ, ಕೊಡುತ್ತಿದ್ದರು. ಅದನ್ನು ಕರಗಿಸಬೇಕು, ಗುಂಪು ನೋಡಬೇಕು, ಲೀಟರ್ ಲೆಕ್ಕದಲ್ಲಿ ಏರಿಸಬೇಕು. ದುರ್ಬಲ ಹೃದಯ ತಡೆಯುವುದು ಕಷ್ಟ. ಈಗ ಹೆಪ್ಪುಗಟ್ಟಿಸುವ ಅಂಶಗಳನ್ನೇ ಸಾಂದ್ರವಾಗಿ ತುಂಬಿದ ಪಿಸಿಸಿ ಇದೆ, ನಿಮಿಷಗಳಲ್ಲಿ ಕೆಲಸ ಮಾಡುತ್ತದೆ.

2010ರ ಆಸುಪಾಸಿನಲ್ಲಿ ಡಾಬಿಗಾಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಮದ್ದುಗಳು ಬಂದವು. ಪದೇಪದೇ ಐಎನ್‌ಆರ್ ನೋಡುವ ಗೋಳು ತಪ್ಪಿತು. ಆದರೆ ಇವಕ್ಕೆ ವಿಟಮಿನ್ ಕೆ ಉಪಯೋಗವಿಲ್ಲ. ಡಾಬಿಗಾಟ್ರಾನ್‌ಗೆ ಇಡಾರುಸಿಜುಮಾಬ್ ಅನ್ನುವ ಮಾರುಮದ್ದು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2015ರಲ್ಲಿ, ಉಳಿದೆರಡಕ್ಕೆ ಆಂಡೆಕ್ಸನೆಟ್ 2018ರಲ್ಲಿ (ಅಮೆರಿಕದಲ್ಲಿ ಇದರ ಮಾರಾಟ 2025ರ ಕೊನೆಗೆ ನಿಂತಿತು). ಅಷ್ಟು ವರ್ಷ ಬೀಗ ಮಾರಾಟವಾಗುತ್ತಿತ್ತು, ಕೀಲಿಕೈ ಇರಲಿಲ್ಲ. ಇವು ತುಂಬ ದುಬಾರಿಯಾದ್ದರಿಂದ ಪಿಸಿಸಿಯಿಂದಲೇ ಸುಧಾರಿಸುವ ಆಸ್ಪತ್ರೆಗಳೂ ಇವೆ.

ಹಾಗಾಗಿ ತುರ್ತು ಚಿಕಿತ್ಸೆಯ ವೈದ್ಯರು ಮೊದಲೇ ಕೇಳಿಬಿಡುತ್ತಾರೆ: ಯಾವ ಮಾತ್ರೆ? ಕೊನೆಯ ಸಲ ನುಂಗಿದ್ದು ಎಷ್ಟು ಹೊತ್ತಿಗೆ?